ಪ್ರಾಣಿಧಾಮದಲ್ಲಿ ಸ್ವಯಂಸೇವೆ: ದಿನದ ಕೆಲಸವನ್ನು ಕ್ರಮವಾಗಿ ಮಾಡುವ ಬಗೆ

ಸಮುದಾಯದ ಜನರೇ ಸೇರಿ ನಡೆಸುವ ಪ್ರಾಣಿಧಾಮಕ್ಕೆ ಮೊದಲ ಬಾರಿ ಬರುವವರಲ್ಲಿ ಬಹುಪಾಲು ಮಂದಿ ನಾಯಿ ಬೆಕ್ಕುಗಳ ಮೇಲಿನ ಅಕ್ಕರೆಯಿಂದಲೇ ಬರುತ್ತಾರೆ. ಆ ಅಕ್ಕರೆ ಬೇಕು. ಅದಿಲ್ಲದವರು ಮಲಮೂತ್ರ ಬಳಿಯುವ, ರಾಶಿ ಬಟ್ಟಲುಗಳನ್ನು ತೊಳೆಯುವ ಈ ಕೆಲಸದಲ್ಲಿ ಬಹಳ ದಿನ ನಿಲ್ಲಲಾರರು. ಆದರೆ ಹತ್ತಾರು ಪ್ರಾಣಿಗಳು ಒಂದೇ ಸೂರಿನಡಿ ಇರುವ ಕಡೆ ಅವುಗಳ ಜೀವ ಕಾಯುವುದು ದಿನಚರಿಯ ಕ್ರಮ. ಯಾವ ಗೂಡಿಗೆ ಮೊದಲು ಕೈ ಹಾಕಬೇಕು, ಯಾವುದಕ್ಕೆ ಕೊನೆಗೆ, ಯಾವ ಬಾಗಿಲು ಮುಚ್ಚಿದ ಮೇಲೆ ಯಾವುದನ್ನು ತೆರೆಯಬೇಕು, ಕಂಡದ್ದನ್ನು ಎಲ್ಲಿ ಬರೆದಿಡಬೇಕು ಎಂಬುದು ತಪ್ಪಿದ ದಿನ, ಒಳ್ಳೆಯ ಮನಸ್ಸಿನವರ ಕೈಯಿಂದಲೇ ರೋಗ ಒಂದು ಗೂಡಿನಿಂದ ಇನ್ನೊಂದಕ್ಕೆ ದಾಟುತ್ತದೆ. ಆ ಕ್ರಮವನ್ನೂ ಅದರ ಹಿಂದಿನ ಕಾರಣಗಳನ್ನೂ ಹೊಸ ಸ್ವಯಂಸೇವಕರಿಗಾಗಿ ಇಲ್ಲಿ ವಿವರಿಸಿದ್ದೇನೆ. ಕಾರಣ ತಿಳಿಯದೆ ಪಾಲಿಸಿದ ನಿಯಮವನ್ನು ಅವಸರದ ದಿನ ಯಾರಾದರೂ ಬಿಟ್ಟುಬಿಡುತ್ತಾರೆ. ಆದ್ದರಿಂದ ಕಾರಣಗಳಿಗೆ ಹೆಚ್ಚು ಜಾಗ ಕೊಟ್ಟಿದ್ದೇನೆ.

ಸೇರುವ ಮುನ್ನ

ಮೊದಲಿಗೆ ನೀವು ಕೊಡಬಲ್ಲ ಸಮಯವನ್ನು ಪ್ರಾಮಾಣಿಕವಾಗಿ ಲೆಕ್ಕ ಹಾಕಿರಿ. ವಾರಕ್ಕೆ ಒಂದೇ ದಿನ, ಎರಡೇ ಗಂಟೆಯಾದರೂ ತಪ್ಪದೆ ಅದೇ ಹೊತ್ತಿಗೆ ಬರುವವರನ್ನು ನಂಬಿ ಕೆಲಸ ಹಂಚಬಹುದು. ಒಂದು ವಾರ ದಿನವೂ ಬಂದು ಮುಂದಿನ ತಿಂಗಳು ಕಾಣದಾಗುವವರನ್ನು ನಂಬಿ ಹಂಚಲಾಗದು. ಪ್ರಾಣಿಗಳ ಕಡೆಯಿಂದ ನೋಡಿದರೂ ಇದು ನಿಜ. ಗೂಡಿನಲ್ಲಿರುವ ನಾಯಿಗೆ ತನ್ನ ದಿನದ ಯಾವ ಭಾಗದ ಮೇಲೂ ಹಿಡಿತವಿರುವುದಿಲ್ಲ. ಊಟ, ನಡಿಗೆ, ಮನುಷ್ಯರ ಸಹವಾಸ ಗೊತ್ತಾದ ಹೊತ್ತಿಗೆ, ಗುರುತಿನ ಕೈಗಳಿಂದ ಬಂದಾಗ ಮುಂದೇನಾಗುತ್ತದೆಂದು ಅದು ಊಹಿಸಬಲ್ಲದು. ಹಾಗೆ ಊಹಿಸಲು ಸಾಧ್ಯವಾದ ಮೇಲೆ ಅದರ ಭಯ ಇಳಿಯತೊಡಗುತ್ತದೆ.

ರೇಬೀಸ್ ಇರುವ ಪ್ರದೇಶಗಳಲ್ಲಿ ಪ್ರಾಣಿಗಳನ್ನು ಮುಟ್ಟುವ ಕೆಲಸಕ್ಕೆ ಇಳಿಯುವವರು ವೈದ್ಯರನ್ನು ಕಂಡು ಮುಂಜಾಗ್ರತೆಯ ರೇಬೀಸ್ ಲಸಿಕೆಯನ್ನು ಹಾಕಿಸಿಕೊಳ್ಳಬೇಕು. ಧನುರ್ವಾಯು ಲಸಿಕೆಯ ಅವಧಿ ಮುಗಿದಿದೆಯೇ ಎಂದೂ ಕೇಳಿ ತಿಳಿಯಬೇಕು. ಗರ್ಭಿಣಿಯರು ಮತ್ತು ರೋಗನಿರೋಧಕ ಶಕ್ತಿ ಕುಂದಿದವರು ಬೆಕ್ಕಿನ ಮಲದ ತಟ್ಟೆ ಶುಚಿ ಮಾಡುವ ಕೆಲಸವನ್ನು ಬೇರೆಯವರಿಗೆ ಬಿಡುವುದು ಒಳ್ಳೆಯದು. ಟಾಕ್ಸೊಪ್ಲಾಸ್ಮಾ ಎಂಬ ಪರೋಪಜೀವಿ ಬೆಕ್ಕಿನ ಮಲದೊಡನೆ ಹೊರಬಿದ್ದು, 1ರಿಂದ 5 ದಿನಗಳಲ್ಲಿ ಸೋಂಕು ತಗುಲಿಸುವ ಹಂತಕ್ಕೆ ಬಲಿಯುತ್ತದೆ. ತಟ್ಟೆಗಳನ್ನು ತಪ್ಪದೆ ದಿನವೂ ಶುಚಿಗೊಳಿಸಬೇಕೆನ್ನುವುದಕ್ಕೆ ಇದೂ ಒಂದು ಕಾರಣ.

ಉಡುಪಿನ ವಿಷಯದಲ್ಲಿ ಹೇಳಬೇಕಾದದ್ದು ಕಡಿಮೆ: ಕಾಲು ಪೂರ್ತಿ ಮುಚ್ಚುವ ಬಟ್ಟೆ, ಜಾರದ ಮುಚ್ಚಿದ ಪಾದರಕ್ಷೆ, ಕಟ್ಟಿದ ಕೂದಲು ಇರಲಿ; ತೂಗಾಡುವ ಓಲೆ, ಸರ, ಶಾಲು ಬೇಡ. ಮನೆಯಲ್ಲಿ ನಾಯಿಯೋ ಬೆಕ್ಕೋ ಇದ್ದರೆ ಅದರ ಲಸಿಕೆಗಳು ಪೂರ್ತಿಯಾಗಿರಬೇಕು. ಪ್ರಾಣಿಧಾಮಕ್ಕೆಂದೇ ಒಂದು ಜೊತೆ ಬಟ್ಟೆ, ಪಾದರಕ್ಷೆಗಳನ್ನು ಬೇರೆಯಾಗಿ ಇಟ್ಟು, ಮನೆಗೆ ಮರಳಿದಾಗ ಸಾಕುಪ್ರಾಣಿಯನ್ನು ಮುಟ್ಟುವ ಮೊದಲೇ ಅವುಗಳನ್ನು ಕಳಚಿ ಒಗೆಯಲು ಹಾಕಬೇಕು.

ಬೆಳಗಿನ ಸುತ್ತು

ಬೆಳಿಗ್ಗೆ ಒಳಗೆ ಕಾಲಿಟ್ಟ ಕೂಡಲೇ ಪೊರಕೆ ಹಿಡಿಯಬೇಡಿ. ಏನನ್ನೂ ಮುಟ್ಟದೆ ಎಲ್ಲ ಗೂಡುಗಳ ಮುಂದೆ ನಿಧಾನವಾಗಿ ಒಂದು ಸುತ್ತು ನಡೆಯಿರಿ. ರಾತ್ರಿ ಏನು ನಡೆಯಿತೆಂಬುದರ ಕುರುಹು ಗೂಡಿನ ನೆಲದ ಮೇಲೆಯೇ ಇರುತ್ತದೆ. ಅದನ್ನು ನೀರು ಹೊಯ್ದು ತೊಳೆದ ಮೇಲೆ ಪಶುವೈದ್ಯರು ಎಷ್ಟು ಕೇಳಿದರೂ ಹೇಳಲು ನಿಮ್ಮಲ್ಲಿ ಏನೂ ಉಳಿದಿರುವುದಿಲ್ಲ. ಹಾಕಿದ ಆಹಾರ ಎಷ್ಟು ಉಳಿದಿದೆ, ನೀರು ಕಡಿಮೆಯಾಗಿದೆಯೇ, ಮಲ ಗಟ್ಟಿಯಾಗಿದೆಯೇ ನೀರಾಗಿದೆಯೇ, ಅದರಲ್ಲಿ ರಕ್ತವೋ ಹುಳುವೋ ಕಾಣುತ್ತದೆಯೇ, ವಾಂತಿಯ ಗುರುತಿದೆಯೇ, ಕಣ್ಣು ಮೂಗುಗಳಿಂದ ನೀರು ಅಥವಾ ಕೀವು ಸೋರುತ್ತಿದೆಯೇ, ದಿನವೂ ಬಾಗಿಲಿಗೆ ಓಡಿಬರುವ ನಾಯಿ ಇಂದು ಮೂಲೆಯಲ್ಲಿ ಮಲಗಿದೆಯೇ ಎಂಬುದನ್ನೆಲ್ಲ ನೋಡಿ, ಅಲ್ಲಿಯೇ ನಿಂತು ದಾಖಲೆ ಹಾಳೆಯಲ್ಲಿ ಬರೆಯಿರಿ. ‘ಮಂಕಾಗಿದೆ’ ಎಂದಷ್ಟೇ ಬರೆದರೆ ಯಾರಿಗೂ ಏನೂ ತಿಳಿಯದು. ‘ಬೆಳಿಗ್ಗೆ 7ಕ್ಕೆ ಹೆಸರು ಕರೆದರೆ ತಲೆ ಎತ್ತಲಿಲ್ಲ, ಅರ್ಧ ಬಟ್ಟಲು ಆಹಾರ ಉಳಿದಿದೆ, ಒಂದು ಸಲ ನೀರುಭೇದಿ’ ಎಂದು ಬರೆದರೆ ವೈದ್ಯರು ಅಲ್ಲಿಂದಲೇ ಕೆಲಸ ಶುರು ಮಾಡಬಹುದು.

ಕೆಲವು ಚಿಹ್ನೆಗಳು ಕಂಡರೆ ಬರೆದು ಮುಂದೆ ಸಾಗುವುದು ಸಾಲದು, ಕೂಡಲೇ ಹೊಣೆಗಾರರನ್ನು ಕರೆಯಬೇಕು. ಗಂಡು ಬೆಕ್ಕು ಮತ್ತೆ ಮತ್ತೆ ತಟ್ಟೆಯಲ್ಲಿ ಕುಳಿತು ತಿಣುಕಿದರೂ ಮೂತ್ರ ಬರದಿದ್ದರೆ ಮೂತ್ರನಾಳ ಕಟ್ಟಿರಬಹುದು, ತಡವಾದರೆ ಜೀವಕ್ಕೆ ಅಪಾಯ. ನಾಯಿಮರಿಗೆ ವಾಂತಿಯೊಡನೆ ರಕ್ತಭೇದಿ ಇದ್ದರೆ ಪಾರ್ವೊ ಎಂಬ ವೈರಸ್ ರೋಗವೆಂದೇ ಭಾವಿಸಿ ನಡೆದುಕೊಳ್ಳಬೇಕು. ದೊಡ್ಡ ತಳಿಯ ನಾಯಿಯ ಹೊಟ್ಟೆ ಉಬ್ಬಿ, ಓಕರಿಸಿದರೂ ಏನೂ ಹೊರಬರದಿದ್ದರೆ ಜಠರ ತಿರುಚಿಕೊಂಡಿರುವ ಸಾಧ್ಯತೆ ಇದೆ. ಬೆಕ್ಕು ಒಂದೆರಡು ದಿನ ಏನೂ ತಿನ್ನದಿರುವುದನ್ನು ‘ಹೊಸ ಜಾಗಕ್ಕೆ ಹೊಂದಿಕೊಳ್ಳುತ್ತಿದೆ’ ಎಂದು ಬಿಡುವಂತಿಲ್ಲ. ಉಪವಾಸವಿರುವ ಬೆಕ್ಕಿನ, ಅದರಲ್ಲೂ ದಪ್ಪನೆಯ ಬೆಕ್ಕಿನ ಯಕೃತ್ತಿನಲ್ಲಿ ಕೊಬ್ಬು ತುಂಬಿಕೊಂಡು ಅದು ಕೆಲಸ ನಿಲ್ಲಿಸತೊಡಗುತ್ತದೆ.

ಶುಚಿಗೊಳಿಸುವ ಕ್ರಮ

ಪ್ರಾಣಿಧಾಮದ ಎಲ್ಲ ಕೆಲಸಗಳಲ್ಲಿ ಹೆಚ್ಚು ಜೀವ ಉಳಿಸುವುದು ಇದೇ ಎಂಬುದು ನನ್ನ ದೃಢವಾದ ಅಭಿಪ್ರಾಯ. ಎಳೆಯ, ದುರ್ಬಲ ಪ್ರಾಣಿಗಳಿಂದ ಶುರುಮಾಡಿ ರೋಗಿಗಳಲ್ಲಿ ಮುಗಿಸಬೇಕು: ಮೊದಲು ಆರೋಗ್ಯವಾಗಿರುವ ಮರಿಗಳು ಮತ್ತು ಹಾಲೂಡುವ ತಾಯಂದಿರು, ಬಳಿಕ ಆರೋಗ್ಯವಂತ ದೊಡ್ಡ ಪ್ರಾಣಿಗಳು, ಅನಂತರ ಹೊಸದಾಗಿ ಬಂದು ಪ್ರತ್ಯೇಕವಾಗಿ ಇರಿಸಲಾದವು, ಎಲ್ಲಕ್ಕಿಂತ ಕೊನೆಗೆ ಕಾಯಿಲೆ ಬಿದ್ದವು. ಒಮ್ಮೆ ರೋಗಿಗಳ ಕೋಣೆಗೆ ಹೋದ ಮೇಲೆ ಮರಳಿ ಮರಿಗಳ ಕೋಣೆಗೆ ಹೋಗಬಾರದು. ಹೋಗಲೇಬೇಕಾದರೆ ಬಟ್ಟೆ, ಪಾದರಕ್ಷೆ ಬದಲಿಸಿ, ಕೈ ತೊಳೆದು ಹೋಗಬೇಕು. ಪ್ರತಿ ಕೋಣೆಗೂ ಅದರದೇ ಪೊರಕೆ, ಬ್ರಷ್, ಬಕೆಟ್ ಇರಬೇಕು; ಬಣ್ಣದ ಪಟ್ಟಿ ಅಂಟಿಸಿ ಗುರುತು ಮಾಡಿಟ್ಟರೆ ಹೊಸಬರೂ ಗೊಂದಲಪಡುವುದಿಲ್ಲ.

ಪ್ರಾಣಿಧಾಮಗಳು ಎಲ್ಲಕ್ಕಿಂತ ಹೆಚ್ಚು ಹೆದರುವುದು ಪಾರ್ವೊ ವೈರಸ್ಸಿಗೆ. ಅದು ನೆಲ, ಬಟ್ಟಲು, ಚಪ್ಪಲಿಯ ಅಡಿಯಲ್ಲಿ ತಿಂಗಳುಗಟ್ಟಲೆ ಬದುಕಿರಬಲ್ಲದು, ಮತ್ತು ಕೈಗೆ ಹಚ್ಚಿಕೊಳ್ಳುವ ಆಲ್ಕೋಹಾಲ್ ದ್ರಾವಣವನ್ನಾಗಲಿ ಅನೇಕ ಸಾಮಾನ್ಯ ನೆಲ ಒರೆಸುವ ದ್ರವಗಳನ್ನಾಗಲಿ ಲೆಕ್ಕಿಸುವುದಿಲ್ಲ. ಬೆಕ್ಕುಗಳಲ್ಲಿ ಪ್ಯಾನ್‌ಲ್ಯುಕೊಪೀನಿಯಾ ರೋಗ ತರುವುದೂ ಇದರ ಹತ್ತಿರದ ಬಳಗದ ವೈರಸ್ಸೇ. ಮನೆಗಳಲ್ಲಿ ಬಳಸುವ, ಶೇಕಡ 5ರಿಂದ 6ರಷ್ಟು ಸೋಡಿಯಂ ಹೈಪೊಕ್ಲೋರೈಟ್ ಇರುವ ಬ್ಲೀಚ್ ಇದನ್ನು ಕೊಲ್ಲುತ್ತದೆ, ಆದರೆ ಕೆಲವು ಷರತ್ತುಗಳ ಮೇಲೆ. ಒಂದು ಪಾಲು ಬ್ಲೀಚಿಗೆ 32 ಪಾಲು ನೀರು, ಅಂದರೆ ಒಂದು ಲೀಟರಿಗೆ ಸುಮಾರು 30 ಮಿಲಿಲೀಟರ್ ಬೆರೆಸಬೇಕು. ಮಲ, ಕೂದಲು, ಜಿಡ್ಡು ಇರುವ ಕಡೆ ಬ್ಲೀಚ್ ತನ್ನ ಶಕ್ತಿಯನ್ನು ಆ ಕೊಳೆಯ ಮೇಲೆಯೇ ಕಳೆದುಕೊಳ್ಳುವುದರಿಂದ, ಮೊದಲು ಮಲವನ್ನು ಬಳಿದು ತೆಗೆದು, ಸೋಪಿನ ನೀರಿನಿಂದ ಉಜ್ಜಿ ತೊಳೆದು, ಆ ಸೋಪನ್ನೂ ನೀರಿನಿಂದ ಹೋಗಲಾಡಿಸಿ, ಆಮೇಲೆ ಬ್ಲೀಚ್ ನೀರು ಹಾಕಿ 10 ನಿಮಿಷ ಒದ್ದೆಯಾಗಿಯೇ ಬಿಡಬೇಕು. ಹಾಕಿದ ತಕ್ಷಣ ಒರೆಸಿದರೆ ವಾಸನೆ ಮಾತ್ರ ಬರುತ್ತದೆ, ವೈರಸ್ ಸಾಯುವುದಿಲ್ಲ. ಕೊನೆಗೆ ಚೆನ್ನಾಗಿ ತೊಳೆದು ಒಣಗಿಸಿದ ಮೇಲೆಯೇ ಪ್ರಾಣಿಯನ್ನು ಒಳಗೆ ಬಿಡಬೇಕು. ಒದ್ದೆ ನೆಲ ಪಾದಗಳ ಚರ್ಮವನ್ನು ಕೆಡಿಸುತ್ತದೆ.

ಬೆರೆಸಿದ ಬ್ಲೀಚ್ ನೀರು ಬೆಳಕಿಗೆ ಬೇಗ ದುರ್ಬಲವಾಗುತ್ತದೆ, ಆದ್ದರಿಂದ ದಿನದಿನವೂ ಹೊಸದಾಗಿ ಬೆರೆಸಬೇಕು. ಅದನ್ನು ಆಮ್ಲಯುಕ್ತ ಶೌಚಾಲಯದ ದ್ರವದೊಡನೆ ಅಥವಾ ಅಮೋನಿಯಾ ಇರುವ ಯಾವುದರೊಡನೆಯೂ ಎಂದಿಗೂ ಸೇರಿಸಬಾರದು. ಹೊರಬರುವ ಅನಿಲ ಶ್ವಾಸಕೋಶವನ್ನು ಸುಡುತ್ತದೆ. ನಿಂತ ಮೂತ್ರದಲ್ಲಿಯೂ ಅಮೋನಿಯಾ ಇರುತ್ತದೆ ಎಂಬುದನ್ನು ನೆನಪಿಡಿ, ಮೊದಲು ನೀರಿನಿಂದ ತೊಳೆಯಬೇಕೆನ್ನುವುದು ಅದಕ್ಕಾಗಿಯೂ ಹೌದು. ಫೀನಾಲ್ ಬಗೆಯ ಕ್ರಿಮಿನಾಶಕ ದ್ರವಗಳನ್ನು ಬೆಕ್ಕುಗಳಿರುವ ಕಡೆ ಬಳಸಲೇಬಾರದು. ಬೆಕ್ಕಿನ ಯಕೃತ್ತಿಗೆ ಫೀನಾಲನ್ನು ಕರಗಿಸಿ ಹೊರಹಾಕುವ ಸಾಮರ್ಥ್ಯ ತೀರ ಕಡಿಮೆ, ಪಾದಕ್ಕೆ ಅಂಟಿದ್ದನ್ನು ನೆಕ್ಕಿದರೂ ಅದು ವಿಷವಾಗುತ್ತದೆ.

ಆರೋಗ್ಯವಾಗಿರುವ ಬೆಕ್ಕು ಇರುವ ಗೂಡನ್ನು ಮಾತ್ರ ದಿನವೂ ಪೂರ್ತಿ ಖಾಲಿ ಮಾಡಿ ತೊಳೆಯುವ ಅಗತ್ಯವಿಲ್ಲ. ಬೆಕ್ಕು ತನ್ನ ಕೆನ್ನೆ, ಮೈಗಳನ್ನು ಉಜ್ಜಿ ಗೂಡಿಗೆ ತನ್ನ ವಾಸನೆ ಹಚ್ಚಿಕೊಂಡಿರುತ್ತದೆ. ಎಲ್ಲವನ್ನೂ ತೊಳೆದುಬಿಟ್ಟರೆ ಅದು ದಿನವೂ ಹೊಸ ಜಾಗದಲ್ಲಿ ಬಿದ್ದಂತಾಗುತ್ತದೆ. ಬೆಕ್ಕನ್ನು ಒಳಗೇ ಬಿಟ್ಟು ತಟ್ಟೆ, ಬಟ್ಟಲು ಬದಲಿಸಿ, ಕೊಳೆಯಾದ ಜಾಗವನ್ನಷ್ಟೇ ಒರೆಸಿ, ಹೊದಿಕೆ ಶುಚಿಯಾಗಿದ್ದರೆ ಅದನ್ನೇ ಉಳಿಸಬೇಕು. ಒಳಗೆ ಬೆಕ್ಕು ಅಡಗಿ ಕೂರಬಲ್ಲ ಒಂದು ರಟ್ಟಿನ ಪೆಟ್ಟಿಗೆ ಇರಲೇಬೇಕು. ನೆದರ್ಲೆಂಡ್ಸ್‌ನ ಪ್ರಾಣಿಧಾಮವೊಂದರಲ್ಲಿ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹೊಸದಾಗಿ ಬಂದ ಬೆಕ್ಕುಗಳ ಪೈಕಿ ಅಡಗುಪೆಟ್ಟಿಗೆ ಪಡೆದವು ಅದಿಲ್ಲದವಕ್ಕಿಂತ ಬೇಗನೆ ಒತ್ತಡದಿಂದ ಹೊರಬಂದವು. ಖರ್ಚಿಲ್ಲದ ಒಂದು ಪೆಟ್ಟಿಗೆಯಿಂದ ಇಷ್ಟು ಪ್ರಯೋಜನವಿರುವಾಗ, ‘ನೋಡಲು ಬಂದವರಿಗೆ ಬೆಕ್ಕು ಕಾಣುವುದಿಲ್ಲ’ ಎಂಬ ಕಾರಣಕ್ಕೆ ಅದನ್ನು ತೆಗೆದುಹಾಕುವುದು ಸರಿಯಲ್ಲ. ಹೆದರಿಕೆ ಇಳಿದ ಬೆಕ್ಕು ತಾನಾಗಿಯೇ ಹೊರಬರುತ್ತದೆ.

ಆಹಾರ ಮತ್ತು ನೀರು

ಆಹಾರವನ್ನು ಅಳೆದು ಕೊಡಬೇಕು, ಕೊಟ್ಟದ್ದನ್ನು ಬರೆಯಬೇಕು. ತಿಂಡಿ ತಂದು ಕಂಬಿಗಳ ಸಂದಿಯಿಂದ ಎಲ್ಲಕ್ಕೂ ಹಂಚುವ ಆಸೆ ಹೊಸಬರಿಗೆ ಸಹಜವಾಗಿಯೇ ಬರುತ್ತದೆ, ಅದನ್ನು ತಡೆದುಕೊಳ್ಳಿ. ಒಂದು ನಾಯಿಗೆ ಅಲರ್ಜಿ ಇರಬಹುದು, ಇನ್ನೊಂದನ್ನು ಶಸ್ತ್ರಚಿಕಿತ್ಸೆಗೆಂದು ಉಪವಾಸವಿಟ್ಟಿರಬಹುದು. ಹೊಟ್ಟೆ ತುಂಬಿದ ಪ್ರಾಣಿಗೆ ಅರಿವಳಿಕೆ ಕೊಟ್ಟರೆ ವಾಂತಿ ಶ್ವಾಸನಾಳಕ್ಕೆ ಇಳಿಯುವ ಅಪಾಯವಿರುತ್ತದೆ. ಚಾಕೊಲೇಟ್, ಈರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿ, ಒಣದ್ರಾಕ್ಷಿ, ಸಕ್ಕರೆಯ ಬದಲು ಕ್ಸೈಲಿಟಾಲ್ ಹಾಕಿದ ತಿನಿಸು ಇವು ನಾಯಿಗಳಿಗೆ ವಿಷ. ಜ್ವರಕ್ಕೆ ಮನುಷ್ಯರು ನುಂಗುವ ಪ್ಯಾರಾಸಿಟಮಾಲ್‌ನ ಒಂದೇ ಮಾತ್ರೆ ಬೆಕ್ಕನ್ನು ಕೊಲ್ಲಬಲ್ಲದು. ನಾಯಿಗಳ ಉಣ್ಣಿ, ಚಿಗಟಗಳಿಗೆ ಹಚ್ಚುವ ಪರ್ಮೆತ್ರಿನ್ ಔಷಧವೂ ಬೆಕ್ಕಿಗೆ ಅಷ್ಟೇ ಅಪಾಯಕಾರಿ.

ಎಲುಬು ಕಾಣುವಷ್ಟು ಬಡಕಲಾಗಿ ಬಂದ ಪ್ರಾಣಿಗೆ ಕರುಣೆಯಿಂದ ಹೊಟ್ಟೆ ತುಂಬ ಬಡಿಸುವುದೇ ಅದಕ್ಕೆ ಕುತ್ತಾಗಬಹುದು. ಬಹಳ ದಿನ ಹಸಿದ ದೇಹಕ್ಕೆ ಒಮ್ಮೆಲೇ ಆಹಾರ ಬಿದ್ದಾಗ ರಕ್ತದಲ್ಲಿನ ಫಾಸ್ಫೇಟ್, ಪೊಟ್ಯಾಸಿಯಂ ಮುಂತಾದ ಲವಣಗಳು ಜೀವಕೋಶಗಳೊಳಗೆ ಸೆಳೆಯಲ್ಪಟ್ಟು ರಕ್ತದಲ್ಲಿ ಅವುಗಳ ಮಟ್ಟ ಕುಸಿಯುತ್ತದೆ, ಹೃದಯವೇ ನಿಲ್ಲಬಹುದು. ಅಂಥ ಪ್ರಾಣಿಗೆ ಪಶುವೈದ್ಯರು ಹೇಳಿದ ಅಳತೆಯನ್ನೇ, ಸ್ವಲ್ಪ ಸ್ವಲ್ಪವಾಗಿ, ದಿನಕ್ಕೆ ಹಲವು ಬಾರಿ ಕೊಡಬೇಕು. ಅದು ಇನ್ನೂ ಬೇಕೆಂದು ನೋಡುವಾಗ ಕೊಡದೆ ಇರುವುದು ಕಷ್ಟ, ಆದರೂ ಕೊಡಬಾರದು.

ನಾಯಿಯನ್ನು ಹೊರಗೆ ಕರೆದೊಯ್ಯುವುದು

ತಪ್ಪಿಸಿಕೊಳ್ಳುವ ಘಟನೆಗಳು ಬಹುತೇಕ ಬಾಗಿಲಲ್ಲಿಯೇ ನಡೆಯುತ್ತವೆ. ಎರಡು ಬಾಗಿಲುಗಳಿರುವ ಕಡೆ ಒಂದನ್ನು ಮುಚ್ಚಿ ಚಿಲಕ ಹಾಕಿದ ಮೇಲೆಯೇ ಇನ್ನೊಂದನ್ನು ತೆರೆಯಬೇಕು. ಕತ್ತುಪಟ್ಟಿ ಎಷ್ಟು ಬಿಗಿಯಾಗಿದೆ ಎಂದು ನೀವೇ ನೋಡಬೇಕು: ಎರಡು ಬೆರಳು ತೂರುವಷ್ಟು ಸಡಿಲ ಸಾಕು, ಅದಕ್ಕಿಂತ ಹೆಚ್ಚಾದರೆ ಹೆದರಿದ ನಾಯಿ ಹಿಮ್ಮುಖವಾಗಿ ಜಗ್ಗಿ ತಲೆ ಹೊರತೆಗೆಯುತ್ತದೆ. ಹೊಸದಾದ, ಅಂಜುಬುರುಕ ನಾಯಿಗೆ ಕತ್ತುಪಟ್ಟಿಗೊಂದು, ಎದೆಪಟ್ಟಿಗೊಂದು ಎಂದು ಎರಡು ಬಾರುಗಳನ್ನು ಹಾಕುವುದು ಕ್ಷೇಮ. ಬಾರನ್ನು ಕೈಗೆ ಸುತ್ತಿಕೊಳ್ಳಬೇಡಿ. ನಾಯಿ ರಭಸದಿಂದ ಎಳೆದರೆ ಬೆರಳಿನ ಮೂಳೆ ಮುರಿದೀತು.

ಗೂಡಿನ ಬಾಗಿಲು ತೆರೆಯುವ ಮೊದಲು ನಾಯಿಯ ಮೈಮಾತನ್ನು ಓದುವುದು ಕಲಿಯಬೇಕು, ಮತ್ತು ಇದಕ್ಕೆ ತಿಂಗಳುಗಳೇ ಬೇಕಾಗುತ್ತವೆ. ಬಾಲ ಆಡಿಸುತ್ತಿದ್ದರೆ ಸ್ನೇಹ ಎಂಬ ಎಣಿಕೆಯನ್ನು ಮೊದಲು ಬಿಡಿ. ಬಾಲ, ಸೊಂಟ, ಬೆನ್ನು ಎಲ್ಲ ಸಡಿಲವಾಗಿ ಬಳುಕುತ್ತಿದ್ದರೆ ಅದು ಸ್ನೇಹ. ಮೈ ಸೆಟೆದು, ಎತ್ತಿದ ಬಾಲದ ತುದಿ ಮಾತ್ರ ಅದುರುತ್ತಿದ್ದರೆ ಅದು ಎಚ್ಚರಿಕೆ. ಆಹಾರವಿಲ್ಲದಿದ್ದರೂ ತುಟಿ ನೆಕ್ಕುವುದು, ನಿದ್ದೆ ಬಾರದಿದ್ದರೂ ಆಕಳಿಸುವುದು, ಮುಖ ಬೇರೆಡೆಗೆ ತಿರುಗಿಸಿ ಕಣ್ಣಿನ ಬಿಳಿಭಾಗ ಕಾಣುವಂತೆ ನಿಮ್ಮನ್ನೇ ನೋಡುವುದು, ಒಂದು ಪಾದವನ್ನು ಎತ್ತಿ ನಿಲ್ಲುವುದು ಇವೆಲ್ಲ ‘ಇನ್ನು ಹತ್ತಿರ ಬರಬೇಡ’ ಎಂದು ನಾಯಿ ಸಭ್ಯವಾಗಿ ಕೇಳಿಕೊಳ್ಳುವ ರೀತಿಗಳು. ಓಡಾಡುತ್ತಿದ್ದ ನಾಯಿ ಇದ್ದಕ್ಕಿದ್ದಂತೆ ಅಲುಗಾಡದೆ ನಿಂತರೆ ಕಚ್ಚುವುದಕ್ಕೆ ಬಹಳ ಹೊತ್ತು ಉಳಿದಿಲ್ಲ ಎಂದು ತಿಳಿದು ನೀವೂ ನಿಲ್ಲಬೇಕು, ನೋಟ ಬೇರೆಡೆ ಹೊರಳಿಸಬೇಕು, ನಿಧಾನವಾಗಿ ಹಿಂದೆ ಸರಿಯಬೇಕು. ಗುರುಗುಟ್ಟಿದ್ದಕ್ಕಾಗಿ ನಾಯಿಯನ್ನು ಗದರಿಸಲೇಬಾರದು. ಗುರುಗುಟ್ಟಿದರೆ ಶಿಕ್ಷೆ ಎಂದು ಕಲಿತ ನಾಯಿ ಮುಂದಿನ ಸಲ ಸುಳಿವು ಕೊಡದೆಯೇ ಕಚ್ಚುತ್ತದೆ, ಮತ್ತು ಹಾಗೆ ಕಚ್ಚುವ ನಾಯಿಗೆ ಮನೆ ಸಿಗುವುದಿಲ್ಲ.

ಹೆದರಿದ ನಾಯಿಯ ಬಳಿ ಪಕ್ಕಕ್ಕೆ ತಿರುಗಿ ಕುಳಿತು, ಕೈ ಚಾಚದೆ, ಅದೇ ಬಂದು ಮೂಸಲು ಬಿಡಿ. ತಲೆಯ ಮೇಲಿನಿಂದ ಕೈ ತರಬೇಡಿ. ಎದೆ, ಭುಜದ ಪಕ್ಕವನ್ನು ಸವರಿ, ಮೂರು ಎಣಿಸುವಷ್ಟು ಹೊತ್ತಿನ ಬಳಿಕ ಕೈ ತೆಗೆದು ನೋಡಿ. ಇನ್ನೂ ಬೇಕಾದರೆ ಅದು ಹತ್ತಿರ ಸರಿಯುತ್ತದೆ, ಬೇಡವಾದರೆ ಸುಮ್ಮನಿರುತ್ತದೆ, ಎರಡನ್ನೂ ಗೌರವಿಸಬೇಕು. ಬೆಕ್ಕುಗಳ ಮುಂದೆ ಕಣ್ಣುಗಳನ್ನು ಅರೆಮುಚ್ಚಿ ನಿಧಾನವಾಗಿ ಮಿಟುಕಿಸುವುದು ಉಪಯೋಗಕ್ಕೆ ಬರುತ್ತದೆ. ಬ್ರಿಟನ್ನಿನ ಸಸೆಕ್ಸ್ ಮತ್ತು ಪೋರ್ಟ್ಸ್‌ಮತ್ ವಿಶ್ವವಿದ್ಯಾಲಯಗಳ ಸಂಶೋಧಕರು 2020ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಹಾಗೆ ಮಿಟುಕಿಸಿದವರ ಚಾಚಿದ ಕೈಯ ಬಳಿಗೆ ಬೆಕ್ಕುಗಳು ಹೆಚ್ಚಾಗಿ ಬಂದವು.

ಇಷ್ಟೆಲ್ಲ ಎಚ್ಚರವಿದ್ದರೂ ಕಚ್ಚಿದರೆ ಅಥವಾ ಪರಚಿದರೆ ಅದನ್ನು ಯಾರಿಂದಲೂ ಮುಚ್ಚಿಡಬಾರದು. ಗಾಯವನ್ನು ಹರಿಯುವ ನೀರು ಮತ್ತು ಸೋಪಿನಿಂದ 15 ನಿಮಿಷ ತೊಳೆದು, ಅದೇ ದಿನ ವೈದ್ಯರ ಬಳಿ ಹೋಗಬೇಕು. ಮೊದಲೇ ರೇಬೀಸ್ ಲಸಿಕೆ ಹಾಕಿಸಿಕೊಂಡವರಿಗೂ ಕಡಿತದ ಬಳಿಕ ಮತ್ತೆ ಲಸಿಕೆ ಬೇಕಾಗುತ್ತದೆ. ಲಕ್ಷಣಗಳು ಕಾಣಿಸಿಕೊಂಡ ಮೇಲೆ ರೇಬೀಸಿನಿಂದ ಬದುಕುಳಿಯುವುದು ಅತ್ಯಂತ ವಿರಳ, ಆದರೆ ಸಕಾಲದಲ್ಲಿ ಪಡೆದ ಚಿಕಿತ್ಸೆ ಅದನ್ನು ತಡೆಯುತ್ತದೆ. ಕಚ್ಚಿದ ನಾಯಿ ಅಥವಾ ಬೆಕ್ಕನ್ನು 10 ದಿನ ಪ್ರತ್ಯೇಕವಾಗಿಟ್ಟು ಗಮನಿಸುವ ಕ್ರಮವಿದೆ; ವೈರಸ್ ಜೊಲ್ಲಿಗೆ ಬಂದ ಪ್ರಾಣಿ ಆ ಅವಧಿಯೊಳಗೆ ರೋಗದ ಲಕ್ಷಣ ತೋರುತ್ತದೆ. ಬೆಕ್ಕಿನ ಕಡಿತ ಚಿಕ್ಕ ಚುಕ್ಕೆಯಂತೆ ಕಂಡರೂ ಹಲ್ಲು ಆಳಕ್ಕೆ ಇಳಿದಿರುತ್ತದೆ, ಕೀವು ಕಟ್ಟುವ ಸಂಭವ ಹೆಚ್ಚು.

ಹೊಸದಾಗಿ ಬಂದ ಪ್ರಾಣಿ

ಬೀದಿಯಿಂದಲೋ ಬೇರೆಯವರ ಕೈಯಿಂದಲೋ ಬಂದ ಪ್ರಾಣಿಗೆ ಈಗಾಗಲೇ ಒಡೆಯರಿರಬಹುದು. ಒಡೆಯರ ಗುರುತಿಗೆಂದು ಚರ್ಮದಡಿ ಸೇರಿಸಿದ ಮೈಕ್ರೋಚಿಪ್ಪನ್ನು ಓದುವ ಯಂತ್ರವನ್ನು ಹೆಗಲ ನಡುವೆ ಮಾತ್ರವಲ್ಲದೆ ಕುತ್ತಿಗೆ, ಭುಜ, ಎದೆಯ ಪಕ್ಕಗಳಲ್ಲಿಯೂ ನಿಧಾನವಾಗಿ ಆಡಿಸಬೇಕು, ಏಕೆಂದರೆ ಚರ್ಮದಡಿಯ ಚಿಪ್ ಕೆಲವೊಮ್ಮೆ ಜಾರಿರುತ್ತದೆ. ಕಿವಿಯ ತುದಿ ನೇರವಾಗಿ ಕತ್ತರಿಸಿದಂತಿದ್ದರೆ ಆ ಪ್ರಾಣಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಆಗಿದೆ ಎಂಬುದರ ಗುರುತು ಅದು. ತೂಕ, ಅಂದಾಜು ವಯಸ್ಸು, ಗಾಯಗಳು, ಸಿಕ್ಕಿದ ಜಾಗ, ಎರಡು ಕಡೆಯಿಂದ ತೆಗೆದ ಚಿತ್ರ ಇವನ್ನು ಆಗಲೇ ದಾಖಲಿಸಬೇಕು. ನಾಳೆ ಬರೆಯೋಣ ಎಂದು ಬಿಟ್ಟ ವಿವರ ಸಾಮಾನ್ಯವಾಗಿ ಸಿಗುವುದೇ ಇಲ್ಲ.

ಲಸಿಕೆಯನ್ನು ಬಂದ ಗಳಿಗೆಯಲ್ಲಿಯೇ ಹಾಕಿಸುವುದು ಉತ್ತಮ. ಎರಡು ದಿನದ ತಡವೂ ಇಲ್ಲಿ ದುಬಾರಿಯಾಗುತ್ತದೆ. ಮರಿಗಳಿಗೆ ಸುಮಾರು 4ರಿಂದ 6 ವಾರದ ವಯಸ್ಸಿನಿಂದ ಹಿಡಿದು 16ರಿಂದ 20 ವಾರ ತುಂಬುವವರೆಗೆ ಎರಡು ಮೂರು ವಾರಕ್ಕೊಮ್ಮೆ ಲಸಿಕೆ ಮರುಕಳಿಸಬೇಕಾಗುತ್ತದೆ. ತಾಯಿಯ ಹಾಲಿನಿಂದ ಬಂದ ರಕ್ಷಣೆ ಇರುವವರೆಗೆ ಲಸಿಕೆ ನಾಟುವುದಿಲ್ಲ, ಆ ರಕ್ಷಣೆ ಯಾವ ಮರಿಯಲ್ಲಿ ಯಾವ ವಾರ ಇಳಿಯುತ್ತದೆಂದು ಹೊರಗಿನಿಂದ ತಿಳಿಯುವಂತಿಲ್ಲ. ಮರಿಗಳನ್ನು ಉಳಿದವುಗಳೊಡನೆ ಬೆರೆಸದೆ 14 ದಿನ ಪ್ರತ್ಯೇಕವಾಗಿರಿಸುವುದಕ್ಕೆ ಕಾರಣ, ಪಾರ್ವೊ ಸೋಂಕು ತಗುಲಿದ ಮರಿ ಅಷ್ಟು ದಿನಗಳವರೆಗೂ ಹೊರನೋಟಕ್ಕೆ ಚೆನ್ನಾಗಿರಬಹುದು ಎಂಬುದು. ಈ ಅವಧಿಯಲ್ಲಿ ಆ ಮರಿಗಳಿಗೆ ಮನುಷ್ಯರ ಸಹವಾಸ ತಪ್ಪಬಾರದು. ನಾಯಿಮರಿಗಳು 3ರಿಂದ ಸುಮಾರು 12 ಅಥವಾ 14ನೆಯ ವಾರದವರೆಗೆ, ಬೆಕ್ಕಿನ ಮರಿಗಳು 2ರಿಂದ ಸುಮಾರು 7ನೆಯ ವಾರದವರೆಗೆ ಕಂಡ ಕೇಳಿದ ಸಂಗತಿಗಳನ್ನು ಲೋಕದ ಸಹಜ ಭಾಗವೆಂದು ಒಪ್ಪಿಕೊಳ್ಳುತ್ತವೆ. ಆ ವಾರಗಳನ್ನು ಬರಿಯ ಗೋಡೆ ನೋಡುತ್ತ ಕಳೆದ ಮರಿ ಮುಂದೆ ಎಲ್ಲಕ್ಕೂ ಹೆದರುತ್ತದೆ. ಕೈಗವಸು, ಮೇಲಂಗಿ ತೊಟ್ಟ ಒಬ್ಬರೇ ಸ್ವಯಂಸೇವಕರು, ಬೇರೆ ಪ್ರಾಣಿಗಳನ್ನು ಮುಟ್ಟುವ ಮೊದಲು, ಅವುಗಳೊಡನೆ ಕುಳಿತು ಆಡಿಸಬೇಕು.

ತಾಯಿಯಿಲ್ಲದ ಎಳೆಯ ಮರಿಗಳ ಆರೈಕೆಯನ್ನು ಅನುಭವಿಗಳ ಬಳಿಯಲ್ಲಿದ್ದು ಕಲಿಯಿರಿ. ಇಲ್ಲಿ ಎಲ್ಲಕ್ಕಿಂತ ಮುಖ್ಯವಾದ ಮೂರು ಮಾತುಗಳನ್ನಷ್ಟೇ ಹೇಳುತ್ತೇನೆ. ತಣ್ಣಗಾದ ಮರಿಗೆ ಹಾಲು ಕೊಡಬಾರದು, ಮೊದಲು ನಿಧಾನವಾಗಿ ಮೈ ಬೆಚ್ಚಗಾಗಿಸಬೇಕು, ಏಕೆಂದರೆ ತಣ್ಣನೆಯ ಹೊಟ್ಟೆ ಹಾಲನ್ನು ಜೀರ್ಣಿಸಲಾರದು. ಹಸುವಿನ ಹಾಲಿನ ಬದಲು ಮರಿಗಳಿಗೆಂದೇ ತಯಾರಿಸಿದ ಹಾಲಿನ ಪುಡಿಯನ್ನು ಬಳಸಿ, ಮರಿಯನ್ನು ಹೊಟ್ಟೆಯ ಮೇಲೆ ಮಲಗಿಸಿಯೇ ಕುಡಿಸಬೇಕು. ಅಂಗಾತ ಮಲಗಿಸಿದರೆ ಹಾಲು ಶ್ವಾಸಕೋಶಕ್ಕೆ ಇಳಿಯುತ್ತದೆ. ಮೊದಲ ಮೂರು ವಾರ ಅವು ತಾವಾಗಿ ಮಲಮೂತ್ರ ಮಾಡಲಾರವು, ಪ್ರತಿ ಸಲ ಹಾಲು ಕುಡಿಸಿದಾಗಲೂ ಬೆಚ್ಚನೆಯ ಒದ್ದೆ ಬಟ್ಟೆಯಿಂದ ಮೃದುವಾಗಿ ಒರೆಸಿ ಮಾಡಿಸಬೇಕು.

ಮನಸ್ಸಿಗೆ ಬೇಕಾದದ್ದು

ಪ್ರಾಣಿಗಳ ಕ್ಷೇಮವನ್ನು ಅಳೆಯಲು ಐದು ಸ್ವಾತಂತ್ರ್ಯಗಳೆಂಬ ಒಂದು ಮಾನದಂಡ ಬಳಕೆಯಲ್ಲಿದೆ. ಬ್ರಿಟನ್ನಿನಲ್ಲಿ ಸಾಕಣೆಯ ಪ್ರಾಣಿಗಳ ಬಗ್ಗೆ 1965ರಲ್ಲಿ ಬಂದ ಬ್ರಾಂಬೆಲ್ ಸಮಿತಿಯ ವರದಿಯಲ್ಲಿ ಅದರ ಮೂಲವಿದೆ. ಹಸಿವು ಬಾಯಾರಿಕೆಯಿಂದ, ಅನಾನುಕೂಲದಿಂದ, ನೋವು ರೋಗದಿಂದ, ಭಯ ಸಂಕಟದಿಂದ ಬಿಡುಗಡೆ ಮತ್ತು ಸಹಜವಾಗಿ ನಡೆದುಕೊಳ್ಳುವ ಅವಕಾಶ ಎಂಬ ಈ ಐದರಲ್ಲಿ ಮೊದಲ ಮೂರನ್ನು ಸಂಬಳದ ಸಿಬ್ಬಂದಿ ಹೇಗೋ ನಿಭಾಯಿಸುತ್ತಾರೆ. ಉಳಿದ ಎರಡಕ್ಕೆ ಸಮಯ ಬೇಕು, ಸ್ವಯಂಸೇವಕರು ಕೊಡಬಲ್ಲದ್ದೂ ಅದನ್ನೇ. ಆಹಾರವನ್ನು ಬಟ್ಟಲಲ್ಲಿ ಸುರಿಯುವ ಬದಲು ಸುತ್ತಿದ ಬಟ್ಟೆಯಲ್ಲೋ ರಟ್ಟಿನ ಪೆಟ್ಟಿಗೆಯಲ್ಲೋ ಅಡಗಿಸಿ ಹುಡುಕಿ ತಿನ್ನಲು ಬಿಡಿ. ನಡಿಗೆಯಲ್ಲಿ ದೂರಕ್ಕಿಂತ ಮೂಸುವಿಕೆಗೆ ಬೆಲೆ ಕೊಡಿ, ನಾಯಿ ಒಂದು ಪೊದೆಯ ಬುಡದಲ್ಲಿ ನಿಂತರೆ ನೀವೂ ನಿಲ್ಲಿ. ನಾಯಿಗಳ ಗೂಡುಗಳ ಬಳಿ ಬೊಗಳಾಟದ ಸದ್ದು 100 ಡೆಸಿಬಲ್ ದಾಟುವುದುಂಟು. ಬಕೆಟ್ಟು, ಬಾಗಿಲುಗಳನ್ನು ಸದ್ದಾಗದಂತೆ ಬಳಸುವುದೂ ಒಂದು ಸೇವೆಯೇ.

ಕೆಲವು ದಿನಗಳ ಮಟ್ಟಿಗಾದರೂ ಪ್ರಾಣಿಯನ್ನು ಮನೆಯಲ್ಲಿ ಇರಿಸಿಕೊಳ್ಳಲು ಸಾಧ್ಯವಿದ್ದರೆ ಅದಕ್ಕಿಂತ ದೊಡ್ಡ ನೆರವಿಲ್ಲ. ಅಮೆರಿಕದ ಐದು ಪ್ರಾಣಿಧಾಮಗಳಲ್ಲಿ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಒಂದೆರಡು ರಾತ್ರಿ ಮನೆಯಲ್ಲಿ ಕಳೆದ ನಾಯಿಗಳ ಒತ್ತಡದ ಹಾರ್ಮೋನು ಆ ದಿನಗಳಲ್ಲಿ ಇಳಿಯಿತು. ಪ್ರಾಣಿಧಾಮಕ್ಕೆ ಮರಳಿದ ಮೇಲೆ ಅದು ಮೊದಲಿನ ಮಟ್ಟಕ್ಕೆ ಬಂತು, ಅದಕ್ಕಿಂತ ಮೇಲೇರಲಿಲ್ಲ. ‘ಕರೆದೊಯ್ದು ಮತ್ತೆ ತಂದು ಬಿಟ್ಟರೆ ಅದಕ್ಕೆ ಇನ್ನಷ್ಟು ನೋವಲ್ಲವೇ’ ಎಂದು ಹಿಂಜರಿಯುವವರು ಇದನ್ನು ತಿಳಿದಿರಬೇಕು. ಮನೆಯಲ್ಲಿ ಅದು ಹೇಗೆ ನಡೆದುಕೊಂಡಿತು, ಮಕ್ಕಳನ್ನು ಕಂಡರೆ ಏನು ಮಾಡಿತು, ಒಂಟಿಯಾಗಿ ಎಷ್ಟು ಹೊತ್ತು ಇರಬಲ್ಲದು ಎಂಬ ನಿಮ್ಮ ಟಿಪ್ಪಣಿ ದತ್ತು ಕೇಳಿ ಬರುವವರಿಗೆ ಬಹಳ ಬೆಲೆಯುಳ್ಳದ್ದು.

ದತ್ತು ಕೊಡುವಾಗ

ಬಂದ ಕುಟುಂಬವನ್ನು ಪರೀಕ್ಷೆಗೆ ಕೂರಿಸಿದಂತೆ ಪ್ರಶ್ನಿಸುವುದಕ್ಕಿಂತ ಅವರ ದಿನ ಹೇಗಿರುತ್ತದೆ ಎಂದು ಕೇಳಿ, ಅದಕ್ಕೆ ಹೊಂದುವ ಪ್ರಾಣಿಯನ್ನು ತೋರಿಸುವುದು ಮೇಲು. ನಾಯಿಗೆ ಇರುವ ದೋಷವನ್ನು ಮರೆಮಾಚಬೇಡಿ. ಬಟ್ಟಲ ಬಳಿ ಕೈ ತಂದರೆ ಗುರುಗುಟ್ಟುತ್ತದೆ ಎಂಬುದನ್ನು ಹೇಳದೆ ಕಳಿಸಿದರೆ ಅದು ಒಂದು ವಾರದಲ್ಲಿ ಮರಳಿ ಬರುತ್ತದೆ, ಅಷ್ಟರಲ್ಲಿ ಒಂದು ಮಗುವಿಗೆ ಗಾಯವೂ ಆಗಿರಬಹುದು. ಮೊದಲ ಮೂರು ದಿನ ಗಾಬರಿ, ಮೂರು ವಾರದಲ್ಲಿ ದಿನಚರಿಯ ಪರಿಚಯ, ಮೂರು ತಿಂಗಳಲ್ಲಿ ತನ್ನ ಮನೆ ಎಂಬ ಭಾವ ಎಂದು ಈ ಕೆಲಸದಲ್ಲಿರುವವರು ಸ್ಥೂಲವಾಗಿ ಹೇಳುವುದುಂಟು. ಅದನ್ನು ಮುಂಚೆಯೇ ತಿಳಿಸಿದರೆ ಮೊದಲ ರಾತ್ರಿಯ ಊಳಾಟಕ್ಕೆ ಮನೆಯವರು ಧೈರ್ಯಗೆಡುವುದಿಲ್ಲ. ಶಸ್ತ್ರಚಿಕಿತ್ಸೆ ಆಗಿ ಹೆಚ್ಚು ದಿನವಾಗಿರದಿದ್ದರೆ 10ರಿಂದ 14 ದಿನ ಗಾಯ ಒದ್ದೆಯಾಗಬಾರದು, ಗಾಯ ನೆಕ್ಕದಂತೆ ಕೊರಳಿಗೆ ಹಾಕಿದ ಕೋನ್ ತೆಗೆಯಬಾರದು, ಜಿಗಿದಾಡಲು ಬಿಡಬಾರದು ಎಂದು ಬರೆದೇ ಕೊಡಿ. ಒಂದು ವಾರದ ಬಳಿಕ ನೀವೇ ಫೋನ್ ಮಾಡಿ ವಿಚಾರಿಸಿ. ಮರಳಿ ತಂದವರನ್ನು ನಿಂದಿಸಬೇಡಿ. ನಿಂದೆಗೆ ಹೆದರಿದವರು ಪ್ರಾಣಿಯನ್ನು ರಸ್ತೆಯಲ್ಲಿ ಬಿಡುತ್ತಾರೆ.

ಪ್ರಾಣಿಗಳನ್ನು ಮುಟ್ಟಲಾಗದವರಿಗೂ ಇಲ್ಲಿ ಕೆಲಸ ಬೇಕಾದಷ್ಟಿದೆ: ಹೊದಿಕೆ ಒಗೆಯುವುದು, ಲೆಕ್ಕ ಬರೆಯುವುದು, ಔಷಧ ತರುವುದು, ಫೋನ್ ಎತ್ತುವುದು. ಚಿತ್ರ ತೆಗೆಯುವ ಕೈ ಇದ್ದವರು ನೆಲದ ಮೇಲೆ ಕುಳಿತು, ಪ್ರಾಣಿಯ ಕಣ್ಣಿನ ಎತ್ತರದಲ್ಲಿ, ಕಂಬಿಗಳಿಂದ ಹೊರಗೆ, ಹಗಲಿನ ಬೆಳಕಿನಲ್ಲಿ ತೆಗೆದ ಒಂದು ಚಿತ್ರ ಮನೆ ಹುಡುಕಲು ಬಹಳ ನೆರವಾಗುತ್ತದೆ.

ನಿಮ್ಮ ದಣಿವು

ಎಲ್ಲ ಪ್ರಾಣಿಗಳೂ ಉಳಿಯುವುದಿಲ್ಲ. ರಾತ್ರಿಯೆಲ್ಲ ಹಾಲೂಡಿದ ಮರಿ ಬೆಳಿಗ್ಗೆ ಇರುವುದಿಲ್ಲ, ನೋವು ತಾಳಲಾರದ ಪ್ರಾಣಿಗೆ ಪಶುವೈದ್ಯರು ದಯಾಮರಣ ಕೊಡಬೇಕಾಗುತ್ತದೆ. ಆ ದುಃಖವನ್ನು ಜೊತೆಯವರ ಮುಂದೆ ಹೇಳಿಕೊಳ್ಳಿ, ಅತ್ತರೂ ಸಂಕೋಚಪಡಬೇಕಿಲ್ಲ. ನಿದ್ದೆ ಬಾರದಿರುವುದು, ಸಣ್ಣದಕ್ಕೂ ಸಿಡುಕುವುದು, ಪ್ರಾಣಿಯ ನೋವು ಕಂಡರೂ ಏನೂ ಅನ್ನಿಸದಿರುವುದು ಇವು ಕಂಡಾಗ ಕೆಲವು ವಾರ ಬಿಡುವು ತೆಗೆದುಕೊಳ್ಳಬೇಕು ಅಥವಾ ಬಟ್ಟೆ ಒಗೆಯುವ, ಲೆಕ್ಕ ಬರೆಯುವ ಕೆಲಸಕ್ಕೆ ಬದಲಾಗಬೇಕು. ಬಿಡುವು ಕೇಳುವವರನ್ನು ಹೃದಯಹೀನರೆಂದು ಕಾಣುವ ಪ್ರಾಣಿಧಾಮ ಬೇಗನೆ ತನ್ನ ಒಳ್ಳೆಯ ಕೆಲಸಗಾರರನ್ನು ಕಳೆದುಕೊಳ್ಳುತ್ತದೆ.

ಪೂರ್ತಿಯಾಗಿ ನಿಲ್ಲಿಸುವ ತೀರ್ಮಾನಕ್ಕೆ ಬಂದರೆ ಎರಡು ವಾರ ಮುಂಚೆ ತಿಳಿಸಿ. ಆ ಎರಡು ವಾರ ನಿಮ್ಮ ಜಾಗಕ್ಕೆ ಬರುವವರನ್ನು ಜೊತೆಯಲ್ಲಿಟ್ಟುಕೊಂಡು ಗೂಡುಗಳ ಸುತ್ತು ಹಾಕಿ, ನಿಮಗೆ ಒಗ್ಗಿದ ಅಂಜುಬುರುಕ ಪ್ರಾಣಿಗಳಿಗೆ ಅವರ ವಾಸನೆ, ದನಿ ಪರಿಚಯವಾಗುವಂತೆ ನೋಡಿಕೊಳ್ಳಿ. ಯಾವ ನಾಯಿ ಯಾವ ಪಕ್ಕದಿಂದ ಮುಟ್ಟಿದರೆ ಬೆಚ್ಚುತ್ತದೆ, ಯಾವ ಬೆಕ್ಕು ಮಾತ್ರೆಯನ್ನು ಕೆನ್ನೆಯಲ್ಲಿ ಅಡಗಿಸಿಟ್ಟು ಆಮೇಲೆ ಉಗುಳುತ್ತದೆ ಎಂಬಂಥ, ನಿಮ್ಮ ತಲೆಯಲ್ಲಿ ಮಾತ್ರ ಇರುವ ವಿವರಗಳನ್ನು ಒಂದೊಂದಾಗಿ ಆಯಾ ಪ್ರಾಣಿಯ ಹಾಳೆಯಲ್ಲಿ ಬರೆದಿಟ್ಟು ಹೋಗಿ.